ಅವ್ವನ ಹೆಸರಿನ ಗಾಡಿ, ಮಗನ ವೇಗ: ಕ್ಯಾಮೆರಾ ಹೇಗೆ ಹಿಡಿಯುತ್ತದೆ?

ಬ್ಯಾಡಗಿ ತಾಲ್ಲೂಕಿನ ಒಂದು ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ಕಳೆದ ತಿಂಗಳು ಖನಿಜ ಮಿಶ್ರಣದ ಬಗ್ಗೆ ಹೇಳಲು ಹೋಗಿದ್ದೆ. ಮಾತು ಅರ್ಧಕ್ಕೆ ಬಂದಿತ್ತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸದಸ್ಯೆಯೊಬ್ಬರು ಮೊಬೈಲ್ ಹಿಡಿದುಕೊಂಡು ಎದ್ದು ನಿಂತರು. "ಮೇಡಮ್ಮಾರ, ಅದನ್ನ ಆಮ್ಯಾಲೆ ಹೇಳ್ರಿ. ಇದೇನ್ ಬಂದೈತಿ ಮೊದಲ ನೋಡ್ರಿ. ನನಗ ಸೈಕಲ್ ಹೊಡಿಯಾಕೂ ಬರೂದಿಲ್ಲ, ನಾ ಜೋರ್ ಗಾಡಿ ಓಡಿಸೀನಿ ಅಂತ ದಂಡ ಹಾಕ್ಯಾರ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಸಂದೇಶ ನಿಜವಾದದ್ದೇ ಆಗಿತ್ತು. ಗಂಟೆಗೆ 60 ಕಿಲೋಮೀಟರ್ ಮಿತಿ ಇದ್ದ ಕಡೆ ಅವರ ಬೈಕು 74ರಲ್ಲಿ ಹೋಗಿತ್ತು. ಗಾಡಿ ಅವರ ಹೆಸರಿನಲ್ಲಿದೆ, ಏಕೆಂದರೆ ಸಾಲ ಸಿಕ್ಕಿದ್ದು ಅವರ ಹಾಲಿನ ಖಾತೆಯ ಮೇಲೆ. ಓಡಿಸುವವನು ಮಗ. ಬೆಳಿಗ್ಗೆ ತೋಟದ ಮನೆಯಿಂದ ಎರಡು ಕ್ಯಾನು ಕಟ್ಟಿಕೊಂಡು ಸಂಘಕ್ಕೆ ಬರುತ್ತಾನೆ, ಹಾಲು ಹಾಕಿದ ಮೇಲೆ ಕೆಲಸಕ್ಕೆಂದು ಹೆದ್ದಾರಿ ಹಿಡಿಯುತ್ತಾನೆ. "ಅಲ್ಲಿ ಪೊಲೀಸ್ರು ಯಾರೂ ಇರಲಿಲ್ಲಂತ, ನನ್ ಮಗ ಆಣಿ ಮಾಡಿ ಹೇಳ್ತಾನ. ಮತ್ತ ಹೆಂಗ್ ಗೊತ್ತಾತು?" ಎಂಬುದು ಅವರ ಪ್ರಶ್ನೆ. ಅಂದು ಖನಿಜ ಮಿಶ್ರಣ ಹಿಂದೆ ಬಿತ್ತು. ಅಲ್ಲಿ ಹೇಳಿದ್ದನ್ನು ಇನ್ನಷ್ಟು ವಿವರ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಮ್ಮ ಸಂಘಗಳಲ್ಲಿ ಹೀಗೆ ಅವ್ವನ ಹೆಸರಿನ ಗಾಡಿಗಳು ಬಹಳ ಇವೆ.

ಫ್ಯಾಟ್ ನೋಡುವ ಯಂತ್ರದ ಅಣ್ಣ

ಸಂಘದಲ್ಲಿ ಹಾಲು ಹಾಕುವಾಗ ನಿಮ್ಮ ಹಾಲಿನಿಂದ ಬೆಣ್ಣೆ ತೆಗೆದು ಯಾರೂ ತೂಗುವುದಿಲ್ಲ. ಸಣ್ಣ ಬಟ್ಟಲಿನಲ್ಲಿ ಒಂದಿಷ್ಟು ಹಾಲು ಇಟ್ಟರೆ ಯಂತ್ರವೇ ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ ಇಷ್ಟು ಎಂದು ತೋರಿಸುತ್ತದೆ. ಬಹಳಷ್ಟು ಸಂಘಗಳಲ್ಲಿರುವ ಯಂತ್ರ ನಮ್ಮ ಕಿವಿಗೆ ಕೇಳದ ಧ್ವನಿತರಂಗವನ್ನು ಹಾಲಿನೊಳಗೆ ಹಾಯಿಸುತ್ತದೆ. ಅದು ಹಾಲಿನಲ್ಲಿ ಎಷ್ಟು ಬೇಗ ಸಾಗಿತು, ಎಷ್ಟು ಕುಗ್ಗಿತು ಎಂಬುದರಿಂದ ಲೆಕ್ಕ ಹಾಕುತ್ತದೆ. ವೇಗದ ಕ್ಯಾಮೆರಾವೂ ಅದೇ ಜಾತಿಯದು. ಅದು ವೇಗವನ್ನು ನೇರವಾಗಿ ನೋಡುವುದಿಲ್ಲ. ಏನನ್ನೋ ಕಳಿಸುತ್ತದೆ, ತಿರುಗಿ ಬಂದದ್ದನ್ನು ನೋಡಿ ಲೆಕ್ಕ ಮಾಡುತ್ತದೆ.

ಕಂಬದ ಮೇಲೆ ಕಾಣುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಬೇರೆ ಕೆಲಸಗಳು ನಡೆಯುತ್ತವೆ. ಒಂದು, ವೇಗ ಅಳೆಯುವುದು. ಇನ್ನೊಂದು, ನಂಬರ್ ಪ್ಲೇಟ್ ಓದುವುದು. ಮೊದಲನೆಯದು ಎಷ್ಟೇ ಚೆನ್ನಾಗಿ ಆದರೂ ಎರಡನೆಯದು ಆಗದಿದ್ದರೆ ನೋಟಿಸು ಯಾರ ಮನೆಗೆ ಹೋಗಬೇಕು ಎಂಬುದು ಗೊತ್ತಾಗುವುದಿಲ್ಲ. ಮೋಟರ್ ಸೈಕಲ್ ವಿಷಯದಲ್ಲಿ ಕಷ್ಟ ಬರುವುದು ಎರಡನೆಯದರಲ್ಲೇ ಹೆಚ್ಚು.

ಮೊದಲು ರೇಡಾರ್. ಬ್ಯಾಡಗಿ ಸ್ಟೇಷನ್ ಹತ್ತಿರ ಮನೆ ಇರುವವರು ಇದನ್ನು ದಿನಾಲೂ ಕೇಳಿಯೇ ಇರುತ್ತೀರಿ. ನಿಲ್ಲದೆ ಹೋಗುವ ರೈಲು ಸಿಳ್ಳೆ ಹಾಕುತ್ತ ಬರುವಾಗ ದನಿ ಸಣ್ಣಗೆ, ಏರಿದಂತೆ ಕೇಳುತ್ತದೆ. ನಿಮ್ಮನ್ನು ದಾಟಿದ ಕೂಡಲೇ ದಪ್ಪಗೆ ಇಳಿಯುತ್ತದೆ. ಸಿಳ್ಳೆ ಬದಲಾಗಿಲ್ಲ, ರೈಲಿನ ಓಟ ಅದನ್ನು ಬದಲಿಸಿದೆ. ಬರುವ ರೈಲು ದನಿಯ ಅಲೆಗಳನ್ನು ಒತ್ತಿಕೊಂಡು ಬರುತ್ತದೆ, ಹೋಗುವಾಗ ಎಳೆದುಕೊಂಡು ಹೋಗುತ್ತದೆ. ಆಸ್ಟ್ರಿಯಾದ ವಿಜ್ಞಾನಿ ಡಾಪ್ಲರ್ ಇದನ್ನು 1842ರಲ್ಲಿ ಲೆಕ್ಕದಲ್ಲಿ ಹೇಳಿದ. 1845ರಲ್ಲಿ ಹಾಲೆಂಡಿನಲ್ಲಿ ರೈಲಿನ ಮೇಲೆ ಕಹಳೆ ಊದುವವರನ್ನು ಕೂರಿಸಿ, ಹಳಿಯ ಪಕ್ಕ ಸಂಗೀತ ಬಲ್ಲವರನ್ನು ನಿಲ್ಲಿಸಿ ಪರೀಕ್ಷೆಯನ್ನೂ ಮಾಡಿದರು.

ರೇಡಾರ್ ಕ್ಯಾಮೆರಾ ಸಿಳ್ಳೆಯ ಬದಲು ರೇಡಿಯೋ ಅಲೆ ಬಿಡುತ್ತದೆ. ಸಾಮಾನ್ಯವಾಗಿ ಬಳಸುವ ಅಲೆ ಸೆಕೆಂಡಿಗೆ ಸುಮಾರು 2,400 ಕೋಟಿ ಸಲ ಏರಿಳಿಯುತ್ತದೆ. ಅದು ಬೈಕಿಗೆ ಬಡಿದು ಹಿಂದಿರುಗುವಾಗ ಆ ಎಣಿಕೆ ಸ್ವಲ್ಪ ಬದಲಾಗಿರುತ್ತದೆ. ಎಷ್ಟು ಗೊತ್ತೇ? ಗಂಟೆಗೆ ಒಂದು ಕಿಲೋಮೀಟರ್ ವೇಗಕ್ಕೆ ಸುಮಾರು 44. ಬೈಕು 60ರಲ್ಲಿ ಬರುತ್ತಿದ್ದರೆ ಸುಮಾರು 2,670. ಕೋಟಿಗಳ ಎದುರು ಈ ಸಾವಿರ ಲೆಕ್ಕಕ್ಕೇ ಇಲ್ಲ ಅನ್ನಿಸುತ್ತದೆ. ಆದರೆ ಯಂತ್ರ ಹೋದದ್ದನ್ನೂ ಬಂದದ್ದನ್ನೂ ಪಕ್ಕ ಪಕ್ಕ ಇಟ್ಟು ವ್ಯತ್ಯಾಸವನ್ನಷ್ಟೇ ಎಣಿಸುತ್ತದೆ. ಹಾಗಾಗಿ ತಪ್ಪುವುದಿಲ್ಲ.

ರೇಡಾರಿಗೆ ಲೋಹ ಎಂದರೆ ಪ್ರೀತಿ. ಲಾರಿ ದೊಡ್ಡ ತಗಡು, ಬಂದ ಅಲೆಯನ್ನು ಜೋರಾಗಿ ತಿರುಗಿಸುತ್ತದೆ. ಬೈಕು ಸಣ್ಣದು, ಅದರ ಮೇಲೆ ಕುಳಿತ ಮನುಷ್ಯನಿಂದ ಅಲೆ ಅಷ್ಟಾಗಿ ತಿರುಗಿ ಬರುವುದಿಲ್ಲ. ಆದ್ದರಿಂದ ಹಳೆಯ ಯಂತ್ರಗಳಲ್ಲಿ ಮೆಣಸಿನಕಾಯಿ ಲಾರಿಯ ಪಕ್ಕದಲ್ಲೇ ಬೈಕು ಹೋದರೆ ಯಾರ ವೇಗ ಯಾರದು ಎಂಬ ಗೊಂದಲ ಆಗುತ್ತಿತ್ತು, ಅಂಥ ಅಳತೆಯನ್ನು ಬಿಟ್ಟುಬಿಡಬೇಕಾಗುತ್ತಿತ್ತು. ಈಗಿನ ರೇಡಾರ್ ಪ್ರತಿ ಗಾಡಿಯ ದೂರ, ದಿಕ್ಕು, ವೇಗ ಮೂರನ್ನೂ ಒಟ್ಟಿಗೆ ಹಿಡಿದು ಒಂದೊಂದನ್ನೂ ಬೇರೆ ಬೇರೆಯಾಗಿ ಹಿಂಬಾಲಿಸುತ್ತದೆ. ಎರಡು ಲಾರಿಯ ನಡುವೆ ನುಸುಳುವ ಬೈಕು ಕೂಡ ಅದರ ಲೆಕ್ಕದಲ್ಲಿ ಬೇರೆಯೇ. ಅಂದಹಾಗೆ, ನಮ್ಮ ಹಾಲಿನ ಕ್ಯಾನು ಅಲ್ಯೂಮಿನಿಯಂ ಅಥವಾ ಸ್ಟೀಲು. ಎರಡು ಕ್ಯಾನು ಕಟ್ಟಿದ ಬೈಕು ರೇಡಾರಿಗೆ ಖಾಲಿ ಬೈಕಿಗಿಂತ ಚೆನ್ನಾಗಿಯೇ ಕಾಣುತ್ತದೆ!

ಎರಡನೆಯದು ಲೇಸರ್ ಗನ್. ಪೊಲೀಸರ ಇಂಟರ್‌ಸೆಪ್ಟರ್ ಗಾಡಿ ರಸ್ತೆ ಬದಿ ನಿಂತಿರುವುದನ್ನು ನೋಡಿರಬಹುದು. ಅದರಲ್ಲಿ ಇರುವುದು ಸಾಮಾನ್ಯವಾಗಿ ಇದೇ. ಇದು ಕಣ್ಣಿಗೆ ಕಾಣದ ಬೆಳಕಿನ ಮಿಣುಕುಗಳನ್ನು ಒಂದರ ಹಿಂದೊಂದು ಬಿಟ್ಟು, ಹೋಗಿ ಬರಲು ಎಷ್ಟು ಹೊತ್ತಾಯಿತು ಎಂದು ನೋಡುತ್ತದೆ. ಬೈಕು 300 ಮೀಟರ್ ದೂರದಲ್ಲಿದ್ದರೆ ಬೆಳಕು ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲು ಸಾಕು. ಆ ಹೊತ್ತಿನಿಂದ ದೂರ ಸಿಗುತ್ತದೆ. ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಇಂಥ ನೂರಾರು ಅಳತೆ ಆಗಿ, ದೂರ ಎಷ್ಟು ಕಡಿಮೆಯಾಯಿತು ಎಂಬುದರಿಂದ ವೇಗ ಸಿಗುತ್ತದೆ. ಲೇಸರಿನ ಕಿರಣ ಸಣ್ಣದು, 100 ಮೀಟರ್ ದೂರದಲ್ಲಿ ಒಂದು ಮೊರದಷ್ಟೂ ಅಗಲ ಇರುವುದಿಲ್ಲ. ಆದ್ದರಿಂದ ಹತ್ತು ಗಾಡಿಗಳ ನಡುವೆ ಒಂದೇ ಬೈಕನ್ನು ಆರಿಸಿ ಗುರಿ ಇಡಬಹುದು. ಗುರಿ ಇಡುವುದು ಹೆಡ್‌ಲೈಟಿಗೆ ಅಥವಾ ನಂಬರ್ ಪ್ಲೇಟಿಗೆ, ಅವು ಬೆಳಕನ್ನು ಚೆನ್ನಾಗಿ ತಿರುಗಿಸುತ್ತವೆ.

ಕೆಲವು ಕಡೆ ರೇಡಾರೂ ಇಲ್ಲ, ಲೇಸರೂ ಇಲ್ಲ, ಬರೀ ವಿಡಿಯೋ. ರಸ್ತೆಯ ಮೇಲೆ ಎರಡು ಗೆರೆಗಳ ನಡುವಿನ ದೂರವನ್ನು ಮೊದಲೇ ಅಳೆದಿಟ್ಟಿರುತ್ತಾರೆ. ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ತೆಗೆದರೆ, 60ರಲ್ಲಿ ಹೋಗುವ ಬೈಕು ಒಂದು ಚಿತ್ರದಿಂದ ಇನ್ನೊಂದಕ್ಕೆ ಸುಮಾರು 67 ಸೆಂಟಿಮೀಟರ್ ಮುಂದೆ ಸರಿದಿರುತ್ತದೆ. ನಾಲ್ಕನೇ ತರಗತಿಯ ಲೆಕ್ಕವೇ: ದೂರ ಭಾಗಿಸು ಹೊತ್ತು. ಈ ವಿದ್ಯೆಯ ಹಿರಿಯ ಹಾಲೆಂಡಿನ ಮೌಸ್ ಗಾಟ್ಸೊನಿಡೆಸ್ ಎಂಬ ಕಾರ್ ರೇಸಿನವ. ತಾನು ತಿರುವಿನಲ್ಲಿ ಇನ್ನೂ ಜೋರಾಗಿ ಹೋಗುವುದು ಹೇಗೆ ಎಂದು ತಿಳಿಯಲು ಅವನು ವೇಗ ಅಳೆಯುವ ಸಲಕರಣೆ ಮಾಡಿಕೊಂಡ. ಅದರಲ್ಲಿ ರಸ್ತೆಗೆ ಅಡ್ಡಲಾಗಿ ಎರಡು ರಬ್ಬರ್ ಕೊಳವೆ ಹಾಕುತ್ತಿದ್ದರು. ಜೋರಾಗಿ ಹೋಗಲು ಮಾಡಿದ್ದು ಕೊನೆಗೆ ಜೋರಾಗಿ ಹೋಗುವವರನ್ನು ಹಿಡಿಯಲು ಬಂತು.

ಇನ್ನೊಂದು ಬಗೆ ಇದೆ, ಇದು ಹುಡುಗರಿಗೆ ಗೊತ್ತಿರಬೇಕಾದದ್ದು. ಕ್ಯಾಮೆರಾ ಕಂಡ ಕೂಡಲೇ ಬ್ರೇಕ್ ಹಾಕಿ, ದಾಟಿದ ಮೇಲೆ ಮತ್ತೆ ಎಳೆಯುವುದು ಅವರ ರೂಢಿ. ಆದರೆ ಎರಡು ಕಂಬಗಳ ನಡುವಿನ ಸರಾಸರಿ ವೇಗ ನೋಡುವ ಏರ್ಪಾಡಿನಲ್ಲಿ ಈ ಜಾಣತನ ನಡೆಯುವುದಿಲ್ಲ. ಮೊದಲ ಕಂಬ ನಂಬರ್ ಮತ್ತು ಸಮಯ ಬರೆದುಕೊಳ್ಳುತ್ತದೆ, ಎರಡನೆಯದೂ ಬರೆದುಕೊಳ್ಳುತ್ತದೆ. ನಡುವೆ 10 ಕಿಲೋಮೀಟರ್ ಇದ್ದು ಮಿತಿ 80 ಎಂದರೆ ಏಳೂವರೆ ನಿಮಿಷ ಬೇಕು. ಆರೇ ನಿಮಿಷಕ್ಕೆ ಬಂದರೆ ಸರಾಸರಿ 100 ಆಯಿತು. ಬೈಕಿಗೆ ಫಾಸ್ಟ್ಯಾಗ್ ಇಲ್ಲವಲ್ಲ ಎಂದು ನಿಶ್ಚಿಂತೆಯಿಂದ ಇರಬೇಡಿ, ಇದಕ್ಕೆ ಫಾಸ್ಟ್ಯಾಗ್ ಬೇಕಿಲ್ಲ, ಪ್ಲೇಟ್ ಸಾಕು.

ಚೋಟುದ್ದದ ನಂಬರ್

ಕಾರಿನ ಪ್ಲೇಟಿನ ಅಕ್ಷರ 65 ಮಿಲಿಮೀಟರ್ ಎತ್ತರ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಮೋಟರ್ ಸೈಕಲ್ಲಿನ ಮುಂದಿನ ಪ್ಲೇಟಿನಲ್ಲಿ ಅಕ್ಷರ, ಅಂಕಿ ಎರಡೂ 30 ಮಿಲಿಮೀಟರ್. ಹಿಂದಿನ ಪ್ಲೇಟಿನಲ್ಲಿ ಅಕ್ಷರ 35, ಅಂಕಿ 40. ಅಂದರೆ ಮುಂದಿನಿಂದ ನೋಡಿದರೆ ಕಾರಿನ ಅರ್ಧದಷ್ಟೂ ಇಲ್ಲ. ಅದರ ಮೇಲೆ ಬೈಕು ವಾಲುತ್ತದೆ, ಪಥ ಬದಲಿಸುತ್ತದೆ, ಇನ್ನೊಂದು ಗಾಡಿಯ ಮರೆಗೆ ಹೋಗುತ್ತದೆ. ಹೀಗಾಗಿ ಬೈಕುಗಳಿಗೆ ಹೋಗುವ ದಿಕ್ಕಿನಿಂದ, ಅಂದರೆ ಹಿಂದಿನಿಂದ, ಚಿತ್ರ ತೆಗೆಯುವುದು ಅನುಕೂಲ. ಹೆಲ್ಮೆಟ್ ಇದೆಯೇ, ಮೂವರು ಕುಳಿತಿದ್ದಾರೆಯೇ ಎಂಬುದಕ್ಕೆ ಮುಂದಿನ ಚಿತ್ರ ಬೇಕು.

ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರ ಮೇಲಿನ ಹಾಳೆ ಬೆಳಕನ್ನು ಬಂದ ದಾರಿಯಲ್ಲೇ ತಿರುಗಿಸುತ್ತದೆ, ರಾತ್ರಿ ಬ್ಯಾಟರಿ ಬೆಳಕಿಗೆ ಎಮ್ಮೆಯ ಕಣ್ಣು ಹೊಳೆದ ಹಾಗೆ. ಕ್ಯಾಮೆರಾ ರಾತ್ರಿ ಬಿಡುವ ಅವಕೆಂಪು ಬೆಳಕು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಆದರೆ ಪ್ಲೇಟ್ ಬೆಳ್ಳಗೆ ಹೊಳೆದು ಕಪ್ಪು ಅಂಕಿ ಎದ್ದು ಕಾಣುತ್ತದೆ. ಕತ್ತಲಲ್ಲಿ ಯಾರು ನೋಡುತ್ತಾರೆ ಎಂಬ ಮಾತು ಇನ್ನು ನಡೆಯುವುದಿಲ್ಲ.

ಚಿತ್ರ ಬಂದ ಮೇಲೆ ಕಂಪ್ಯೂಟರ್ ಮೊದಲು ಪ್ಲೇಟನ್ನು ಹುಡುಕುತ್ತದೆ, ಆಮೇಲೆ ಒಂದೊಂದೇ ಅಕ್ಷರ ಕತ್ತರಿಸಿ ಓದುತ್ತದೆ. ಕೆಎ 27 ಎಂದರೆ ಹಾವೇರಿ, ಕೆಎ 68 ಎಂದರೆ ರಾಣೆಬೆನ್ನೂರು. ಅಲ್ಲಿಂದ ವಾಹನ್ ದಾಖಲೆಯಲ್ಲಿ ಮಾಲೀಕರ ಹೆಸರು, ವಿಳಾಸ, ಮೊಬೈಲ್ ನಂಬರ್ ಸಿಗುತ್ತವೆ. ಓದುವುದರಲ್ಲಿ ತಪ್ಪೂ ಆಗುತ್ತದೆ. ಮಣ್ಣು, ಸೆಗಣಿ ಸಿಡಿದ ಪ್ಲೇಟಿನಲ್ಲಿ ಎಂಟು ಮೂರಾಗುತ್ತದೆ, ಇಂಗ್ಲಿಷಿನ ಬಿ ಎಂಟಾಗುತ್ತದೆ. ಹುಡುಗರು ಬರೆಸುವ ವಕ್ರ ಅಂಕಿಗಳಲ್ಲಂತೂ ಹೇಳುವುದೇ ಬೇಡ. ಆಗ ಯಾರದೋ ದಂಡ ಇನ್ಯಾರದೋ ಮನೆಗೆ. ಹೀಗಾಗಬಾರದೆಂದೇ ನೋಟಿಸಿನಲ್ಲಿ ಚಿತ್ರ ಇರಬೇಕು ಎಂಬ ನಿಯಮ.

ನಮ್ಮವರ ಗಾಡಿಯಲ್ಲಿ ನಾನು ಕಂಡದ್ದು ಇನ್ನೊಂದು ತೊಂದರೆ. ಕ್ಯಾನು ಕಟ್ಟುವ ಕಬ್ಬಿಣದ ಸ್ಟ್ಯಾಂಡ್ ಹಿಂದಿನ ಪ್ಲೇಟಿಗೆ ಅಡ್ಡ ಬರುತ್ತದೆ. ಮೇವಿನ ಹೊರೆ ಕಟ್ಟಿದರೆ ಪ್ಲೇಟ್ ಪೂರ್ತಿ ಮುಚ್ಚಿಹೋಗುತ್ತದೆ. ನಾವು ಬೇಕೆಂದು ಮುಚ್ಚಿದ್ದಲ್ಲ, ನಿಜ. ಆದರೆ ಕಾಣದ ನಂಬರ್ ಕೂಡ ತಪ್ಪೇ, ಅದಕ್ಕೂ ದಂಡ ಇದೆ. ವೆಲ್ಡಿಂಗ್ ಮಾಡಿಸುವಾಗಲೇ ಸ್ಟ್ಯಾಂಡನ್ನು ನಾಲ್ಕು ಬೆರಳು ಮೇಲೆ ಇಡಿಸಿಕೊಳ್ಳಿ.

ಯಂತ್ರಕ್ಕೂ ಮುದ್ರೆ ಬೇಕು

"ಯಂತ್ರನ ತಪ್ಪಿದ್ರ?" ಎಂದು ಸಂಘದ ಕಾರ್ಯದರ್ಶಿ ಕೇಳಿದರು. ಒಳ್ಳೆಯ ಪ್ರಶ್ನೆ. ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಕೇಳುವವರು ನಾವು, ಕ್ಯಾಮೆರಾಕ್ಕೆ ಕೇಳಬಾರದೇ?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಾಗ 136ಎ ಎಂಬ ಕಲಂ ಸೇರಿತು, ಹೆದ್ದಾರಿಗಳಲ್ಲಿ ಯಂತ್ರದ ಮೂಲಕ ನಿಗಾ ಇಡಲು ಅದೇ ಆಧಾರ. 2021ರ ಆಗಸ್ಟ್‌ನಲ್ಲಿ ಅದರ ನಿಯಮ ಬಂತು, ಅದು 167ಎ. ಯಂತ್ರ ಸರಿಯಾಗಿ ಅಳೆಯುತ್ತದೆ ಎಂಬ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿ ವರ್ಷ ಹೊಸದಾಗಿ ಪಡೆಯಬೇಕು. ಕ್ಯಾಮೆರಾ ಇದೆ ಎಂದು ತಿಳಿಸುವ ಬೋರ್ಡ್ ರಸ್ತೆಯಲ್ಲಿ ಇರಬೇಕು. ನೋಟಿಸನ್ನು 15 ದಿನದೊಳಗೆ ಕಳಿಸಬೇಕು, ಅದರಲ್ಲಿ ಪ್ಲೇಟ್ ಕಾಣುವ ಚಿತ್ರ, ಯಂತ್ರ ಅಳೆದ ವೇಗ, ದಿನ, ಸಮಯ, ಸ್ಥಳ, ಯಾವ ಕಲಂ ಎಂಬುದೆಲ್ಲ ಇರಬೇಕು. ಚಿತ್ರದಲ್ಲಿರುವುದು ನಿಮ್ಮ ಗಾಡಿಯೇ ಅಲ್ಲವಾದರೆ ತಕರಾರು ಸಲ್ಲಿಸಲು ಅವಕಾಶ ಇದೆ, ಸುಮ್ಮನೆ ಕಟ್ಟಬೇಡಿ.

ಒಂದು ಸಣ್ಣ ಸಮಾಧಾನವೂ ಇದೆ. ಕ್ಯಾಮೆರಾ ರಸ್ತೆಯ ಪಕ್ಕದಿಂದ ಓರೆಯಾಗಿ ನೋಡುತ್ತದೆ. ಓರೆಯಾಗಿ ನೋಡಿದರೆ ರೇಡಾರಿಗೆ ವೇಗ ನಿಜಕ್ಕಿಂತ ಕಡಿಮೆಯೇ ಕಾಣುತ್ತದೆ. 20 ಡಿಗ್ರಿ ಓರೆಯಲ್ಲಿ 60ರ ಗಾಡಿ ಸುಮಾರು 56ರಂತೆ ಕಾಣುತ್ತದೆ. ಅಳವಡಿಸುವಾಗ ಈ ಓರೆಯನ್ನು ಲೆಕ್ಕಕ್ಕೆ ಹಿಡಿದು ಸರಿಪಡಿಸುತ್ತಾರೆ.

ಮೋಟರ್ ಸೈಕಲ್ಲಿಗೆ ಮಿತಿ ಎಷ್ಟು? 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯಂತೆ ನಡುವೆ ವಿಭಜಕ ಇರುವ ನಾಲ್ಕು ಪಥದ ರಸ್ತೆಯಲ್ಲಿ 80, ಪಟ್ಟಣದೊಳಗೂ ಉಳಿದ ರಸ್ತೆಗಳಲ್ಲೂ 60. ಇದು ಮೇಲಿನ ಮಿತಿ ಮಾತ್ರ. ರಾಜ್ಯ ಸರ್ಕಾರ ಅದನ್ನು ಇಳಿಸಬಹುದು, ಆದ್ದರಿಂದ ಬೋರ್ಡಿನ ಮೇಲೆ 40 ಎಂದಿದ್ದರೆ 40 ಅಷ್ಟೇ. ನಮ್ಮ ಪುಣೆ-ಬೆಂಗಳೂರು ಹೆದ್ದಾರಿ 48ರಲ್ಲಿ ಬೈಕುಗಳು ಇನ್ನೂ ಓಡುತ್ತವೆ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವೇ ಇಲ್ಲ. ಅಲ್ಲಿ ನಂಬರ್ ಓದುವ ಕ್ಯಾಮೆರಾಗಳೂ ಬಂದವು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಬರೀ ದಂಡವಲ್ಲ, ಕೇಸೇ ದಾಖಲಾಗುತ್ತದೆ ಎಂದು ಪೊಲೀಸರು ಪ್ರಕಟಿಸಿದರು.

ಹಾಲಿನ ಲೆಕ್ಕದಲ್ಲಿ

ಕಾಯ್ದೆಯ 183ನೇ ಕಲಂ ಪ್ರಕಾರ ಲಘು ವಾಹನದ ಅತಿವೇಗಕ್ಕೆ ದಂಡ 1,000ದಿಂದ 2,000 ರೂಪಾಯಿ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನದಲ್ಲಿ ಹೇಳುವುದಾದರೆ 1,000 ರೂಪಾಯಿ ಎಂದರೆ 200 ಲೀಟರಿನ ಪ್ರೋತ್ಸಾಹಧನ. ದಿನಕ್ಕೆ ಹತ್ತು ಲೀಟರ್ ಹಾಕುವವರಿಗೆ 20 ದಿನದ್ದು.

ಅದಕ್ಕಾಗಿ ಎಷ್ಟು ಹೊತ್ತು ಉಳಿಯಿತು ನೋಡಿ. ತೋಟದಿಂದ ಸಂಘಕ್ಕೆ 6 ಕಿಲೋಮೀಟರ್ ಎನ್ನಿ. 40ರಲ್ಲಿ ಬಂದರೆ ಒಂಬತ್ತು ನಿಮಿಷ, 60ರಲ್ಲಿ ಬಂದರೆ ಆರು. ಉಳಿದದ್ದು ಮೂರೇ ನಿಮಿಷ. ಹಾಲು ಮೂರು ನಿಮಿಷಕ್ಕೆ ಕೆಡುವುದಿಲ್ಲ. ಕೆಡುವುದು ತೊಳೆಯದ ಕ್ಯಾನಿನಿಂದ, ಇದು ನನ್ನ ಹಳೇ ಹಾಡು, ಬಿಡಿ.

ನಿಲ್ಲಿಸುವ ಲೆಕ್ಕವೇ ಬೇರೆ. ಅಡ್ಡ ಬಂದ ಎಮ್ಮೆ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಕಳೆದಿರುತ್ತದೆ. ಒಣ ಡಾಂಬರು, ಒಳ್ಳೆಯ ಬ್ರೇಕು ಇದ್ದರೆ 40ರ ವೇಗದಲ್ಲಿ ಗಾಡಿ ನಿಲ್ಲಲು ಸುಮಾರು 20 ಮೀಟರ್ ಬೇಕು. 60ರಲ್ಲಿ ಸುಮಾರು 36. 80ರಲ್ಲಿ ಸುಮಾರು 57. ವೇಗ ಎರಡು ಪಟ್ಟಾದರೆ ದೂರ ಸುಮಾರು ಮೂರು ಪಟ್ಟಾಗುತ್ತದೆ. ಇದು ಖಾಲಿ ಗಾಡಿಯ ಲೆಕ್ಕ. ಎರಡು ಕ್ಯಾನಿನಲ್ಲಿ 40 ಲೀಟರ್ ಹಾಲಿದ್ದರೆ 41 ಕಿಲೋ, ಅದೂ ಹಿಂದೆ. ಅರ್ಧ ತುಂಬಿದ ಕ್ಯಾನು ತುಂಬಿದ್ದಕ್ಕಿಂತ ಕೆಟ್ಟದ್ದು, ಹಾಲು ಒಳಗೆ ಓಲಾಡಿ ಬ್ರೇಕ್ ಹಾಕಿದ ಮೇಲೂ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ.

2024ರ ಜೂನ್ 28ರ ನಸುಕಿನಲ್ಲಿ ನಮ್ಮದೇ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ. ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಯ ಊರಿಗೆ ಮರಳುತ್ತಿದ್ದವರು. ಆ ನಸುಕಿನ ಹೊತ್ತಿನಲ್ಲೇ ನಮ್ಮ ಮಕ್ಕಳೂ ಹಾಲು ಹಿಡಿದು ಅದೇ ರಸ್ತೆಗೆ ಇಳಿಯುತ್ತಾರೆ.

ಹೆಸರು ನಿಮ್ಮದು

ಓಡಿಸಿದವರು ಯಾರೇ ಇರಲಿ, ನೋಟಿಸು ಬರುವುದು ದಾಖಲೆಯಲ್ಲಿರುವ ಮಾಲೀಕರಿಗೆ. ಆದ್ದರಿಂದ ಆರ್‌ಸಿ ತೆಗೆದು ನೋಡಿ. ನಿಮ್ಮ ಹೆಸರಿದ್ದರೆ ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಯಾರದು ಎಂದು ತಿಳಿದುಕೊಳ್ಳಿ. ಅದು ಗಾಡಿ ಕೊಡಿಸಿದ ಏಜೆಂಟನದೋ ಮಗನ ಹಳೇ ಸಿಮ್ಮೋ ಆಗಿದ್ದರೆ ಸಂದೇಶ ನಿಮಗೆ ಬರುವುದೇ ಇಲ್ಲ, ದಂಡ ಮಾತ್ರ ಬೆಳೆಯುತ್ತಿರುತ್ತದೆ. ಹಳೇ ಗಾಡಿ ಮಾರಿದ್ದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಹೆಸರು ವರ್ಗಾಯಿಸಬೇಕು. "ಕೊಂಡವ ಮಾಡಿಸ್ಕೊಂತಾನ ಬಿಡು" ಎಂದು ಕುಳಿತರೆ ಅವನು ಓಡಿಸಿದ್ದಕ್ಕೆ ನಿಮಗೆ ನೋಟಿಸು.

ಇನ್ನೂ ದೊಡ್ಡದು ವಯಸ್ಸಿನ ವಿಷಯ. 18 ತುಂಬದ ಮಗನಿಗೆ ಗಾಡಿ ಕೊಟ್ಟು ಅವನಿಂದ ತಪ್ಪಾದರೆ 199ಎ ಕಲಂ ನೇರವಾಗಿ ಪಾಲಕರ, ಮಾಲೀಕರ ಕಡೆ ನೋಡುತ್ತದೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಹೇಳಿದಾಗ ಸಭೆಯಲ್ಲಿ ನಗು ನಿಂತಿತು. ನಾಲ್ಕೈದು ಮಂದಿ ಸೆರಗು ಸರಿಮಾಡಿಕೊಂಡು ನೆಲ ನೋಡಿದರು. ಹತ್ತನೇ ತರಗತಿ ಹುಡುಗನ ಕೈಗೆ ಕ್ಯಾನು ಕೊಟ್ಟು ಕಳಿಸುವುದು ನಮ್ಮಲ್ಲಿ ತಪ್ಪು ಅನ್ನಿಸುವುದೇ ಇಲ್ಲ. ಗಂಡ ದುಡಿಯಲು ದೂರ ಹೋಗಿದ್ದರೆ ಬೇರೆ ದಾರಿ ಎಲ್ಲಿದೆ ಎಂದು ಒಬ್ಬರು ಕೇಳಿದರು. ಆ ಸಂಘದವರು ಈಗ ಮೂರು ತೋಟದ ಮನೆಗಳ ಹಾಲನ್ನು ಲೈಸೆನ್ಸ್ ಇರುವ ಒಬ್ಬರ ಗಾಡಿಯಲ್ಲಿ ಒಟ್ಟಿಗೆ ತರಿಸುತ್ತಿದ್ದಾರೆ, ಪೆಟ್ರೋಲ್ ಹಂಚಿಕೊಳ್ಳುತ್ತಾರೆ.

ಅದೇ ಸಭೆಯಲ್ಲಿ ಇನ್ನೊಬ್ಬರು ತಮಗೂ ಬಂದಿದೆ ಎಂದು ವಾಟ್ಸಾಪ್ ತೋರಿಸಿದರು. ಅದು ಮೋಸ. ಅವರ ಮನೆಯಲ್ಲಿ ಗಾಡಿಯೇ ಇಲ್ಲ! "ಆರ್‌ಟಿಒ ಚಲನ್" ಎಂಬ ಹೆಸರಿನ ಕಡತ, ಕೊನೆಯಲ್ಲಿ ಎಪಿಕೆ ಎಂದಿತ್ತು. ಅದನ್ನು ಒತ್ತಿದರೆ ಮೊಬೈಲಿಗೆ ಕಳ್ಳ ಆ್ಯಪ್ ಇಳಿದು ಒಟಿಪಿ ಓದಿಕೊಂಡು ಖಾತೆ ಬರಿದು ಮಾಡುತ್ತದೆ. ಹಾಲಿನ ಬಟವಾಡೆ ಜಮಾ ಆಗುವ ಖಾತೆ ಅದೇ ಮೊಬೈಲಿನಲ್ಲಿ ಇರುತ್ತದೆ, ನೆನಪಿಡಿ. ನಿಜವಾದ ದಂಡ ಎಪಿಕೆಯಾಗಿ ಬರುವುದಿಲ್ಲ. ಬಂದ ಸಂದೇಶವನ್ನು ಒತ್ತದೆ, ಪರಿವಾಹನ್ ಇ-ಚಲನ್ ಜಾಲತಾಣಕ್ಕೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ. ವಿಳಾಸ ಗವ್ ಡಾಟ್ ಇನ್ ಎಂದೇ ಮುಗಿಯಬೇಕು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಮೊದಲು ಎದ್ದು ನಿಂತಿದ್ದ ಸದಸ್ಯೆಯನ್ನು ಮೊನ್ನೆ ಮತ್ತೆ ಕಂಡೆ. ಚಿತ್ರ ತೆಗೆಸಿ ನೋಡಿದರಂತೆ, ಗಾಡಿ ತಮ್ಮದೇ, ಹಿಂದಿನ ಚಿತ್ರದಲ್ಲಿ ಮಗನ ಕೆಂಪು ಅಂಗಿಯೂ ಕಾಣುತ್ತದೆ. ದಂಡವನ್ನು ಮಗನ ಕೂಲಿಯಿಂದಲೇ ಕಟ್ಟಿಸಿದ್ದಾರೆ. "ಈಗ ಹತ್ ನಿಮಿಷ ಮೊದಲ ಏಳ್ತೀನ್ರಿ, ಐದೂ ಇಪ್ಪತ್ತಕ್ಕ ಕೆಚ್ಚಲಿಗೆ ಕೈ ಹಾಕ್ತೀನಿ. ಆಕಳೂ ಹೊಂದ್ಕೊಂಡೈತಿ," ಎಂದರು. ಖನಿಜ ಮಿಶ್ರಣದ ಪಾಠ ಬಾಕಿ ಉಳಿದಿದೆ, ಮುಂದಿನ ತಿಂಗಳು ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ.